ಮನೆಯಲ್ಲೇ ಅಚ್ಚು-ಬಣ್ಣದ ಅಲಂಕಾರ: ಯಾವ ಕೆಲಸಕ್ಕೆ ಯಾವ ಬಣ್ಣ, ಯಾವ ಅಚ್ಚು?

ಮಿಕ್ಸೆಡ್ ಮೀಡಿಯಾ (ಬಣ್ಣ, ಅಚ್ಚು, ಬಟ್ಟೆ, ಕಾಗದ ಸೇರಿಸಿ ಪದರ ಪದರವಾಗಿ ಮಾಡುವ ಅಲಂಕಾರ) ಅಂತ ಶುರು ಮಾಡುವವರಲ್ಲಿ ಹೆಚ್ಚಿನವರು ಮೊದಲು ಅಚ್ಚು ಕೊಳ್ಳುತ್ತಾರೆ. ಮೊಬೈಲಿನಲ್ಲಿ ಚಂದ ಕಾಣುತ್ತದೆ, ಆರ್ಡರ್ ಹಾಕಿಬಿಡುತ್ತಾರೆ. ಅದು ಬಂದ ಮೇಲೆ ಬಣ್ಣ ತರುತ್ತಾರೆ. ಯಾವುದರ ಮೇಲೆ ಒತ್ತಬೇಕು ಅನ್ನೋದು ಕೊನೆಗೆ ನೆನಪಾಗುತ್ತದೆ. ನನ್ನ ಪ್ರಕಾರ ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಮೊದಲು ವಸ್ತು ಯಾವುದು ನೋಡಿ: ರಟ್ಟೋ, ಬಟ್ಟೆಯೋ, ಮಣ್ಣಿನ ಗಡಿಗೆಯೋ. ಅದು ಗೊತ್ತಾದರೆ ಬಣ್ಣ ಯಾವುದು ಅಂತ ಗೊತ್ತಾಗುತ್ತದೆ. ಆ ಬಣ್ಣ ಎಷ್ಟು ಗಟ್ಟಿ ಅನ್ನುವುದನ್ನು ನೋಡಿ ಅಚ್ಚು ಆರಿಸಬೇಕು.

ಇನ್ನೊಂದು, ಹವೆ. ನಾನಿರುವ ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಅಂದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಬೆಳಗಾವಿಯಲ್ಲಿ ಜುಲೈನಲ್ಲಿ ಒಗೆದ ಬಟ್ಟೆ ಒಣಗುವುದೇ ಕಷ್ಟ. ವಿಡಿಯೊಗಳಲ್ಲಿ ‘ಹತ್ತು ನಿಮಿಷ ಒಣಗಲು ಬಿಡಿ’ ಅಂತಾರೆ. ಅದು ಯಾವ ಊರಿನ ಹತ್ತು ನಿಮಿಷ ಅಂತ ಹೇಳುವುದಿಲ್ಲ. ಕೆಳಗೆ ಬರೆದದ್ದೆಲ್ಲ ನಮ್ಮ ಕಡೆಯ ಬಿಸಿಲು-ಮಳೆ ನೋಡಿಕೊಂಡು ಬರೆದದ್ದು.

ಮೊದಲು ವಸ್ತು

ಕಲಿಯುವವರಿಗೆ ರಟ್ಟೇ ಸರಿ. ಸೀರೆ ಡಬ್ಬಿ, ಸ್ವೀಟ್ ಬಾಕ್ಸ್ ಎಲ್ಲ ಮನೆಯಲ್ಲೇ ಬಿದ್ದಿರುತ್ತವೆ. ಲಗ್ನಪತ್ರಿಕೆಯ ದಪ್ಪ ಕಾಗದವಂತೂ ಒಳ್ಳೆಯ ಸರಕು. ಕೆಟ್ಟರೂ ಬೇಜಾರಿಲ್ಲ. ರಟ್ಟಿನ ತೊಂದರೆ ಎಂದರೆ ಡೊಂಕಾಗುವುದು. ಒಂದೇ ಬದಿಗೆ ಬಣ್ಣ ಹಚ್ಚಿದರೆ ಒಣಗುವಾಗ ಆ ಬದಿ ಎಳೆದುಕೊಂಡು ರಟ್ಟು ಬಾಗುತ್ತದೆ. ಹಿಂಬದಿಗೂ ಒಂದು ಕೈ ಹಚ್ಚಿದರೆ ಎಳೆತ ಎರಡೂ ಕಡೆ ಸಮ ಆಗುತ್ತದೆ. ಕಾಗದದ ಮೇಲೇ ಮಾಡುವುದಾದರೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ವಾಟರ್‌ಕಲರ್ ಕಾಗದ ತನ್ನಿ. ಡ್ರಾಯಿಂಗ್ ಪುಸ್ತಕದ ತೆಳು ಹಾಳೆ ಎರಡನೇ ಪದರಕ್ಕೇ ಮುದುಡಿಕೊಳ್ಳುತ್ತದೆ.

ಎಂಡಿಎಫ್ ಹಲಗೆ (ಕಟ್ಟಿಗೆಯ ನಾರನ್ನು ಒತ್ತಿ ಮಾಡಿದ್ದು) ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ನುಣುಪಾಗಿರುತ್ತದೆ, ಬಾಗುವುದು ಕಡಿಮೆ. ಗೋಡೆಗೆ ಹಾಕುವ ಫಲಕ, ಕೀಲಿ ಹಾಕುವ ಸ್ಟ್ಯಾಂಡಿಗೆ ಸರಿಯಾಗುತ್ತದೆ. ಆದರೆ ಅದರ ಅಂಚು ನೀರು ಕುಡಿದು ಉಬ್ಬುತ್ತದೆ. ಮುಖಕ್ಕೆ ಹಚ್ಚುವ ಮೊದಲು ಅಂಚಿಗೆ ಎರಡು ಕೈ ಬಣ್ಣ ಹಚ್ಚಬೇಕು. ಬೆಳಗಾವಿ, ಖಾನಾಪುರದ ಕಡೆಯವರು ಇದನ್ನು ಮರೆಯಲೇಬಾರದು. ಬಡಿಗೇರರ ಹತ್ತಿರ ಉಳಿದ ಪ್ಲೈವುಡ್ ತುಂಡು ಸಿಕ್ಕರೆ ಅದೂ ನಡೆಯುತ್ತದೆ. ಚೆನ್ನಾಗಿ ಪಾಲಿಶ್ ಕಾಗದ ಉಜ್ಜಿ, ಧೂಳು ಒರೆಸಿ ಬಳಸಿ.

ಮಣ್ಣಿನ ಗಡಿಗೆ, ಹಣತೆ ನೋಡಲು ತುಂಬಾ ಚಂದ. ನೀರು ತುಂಬುವ ಗಡಿಗೆಗೆ ಮಾತ್ರ ಬಣ್ಣ ಬೇಡ. ಮಣ್ಣು ಒಳಗಿನಿಂದ ಬೆವರುತ್ತದೆ, ಬಣ್ಣ ಪದರ ಪದರವಾಗಿ ಏಳುತ್ತದೆ, ನೀರೂ ತಂಪಾಗುವುದಿಲ್ಲ. ಹಣತೆಗೆ ಹಚ್ಚುವುದಾದರೆ ಹೊರಬದಿಗೆ ಮಾತ್ರ. ಬತ್ತಿ ಇಡುವ ಮೂಗಿನ ಹತ್ತಿರ ಬಣ್ಣವೂ ಬೇಡ, ಅಂಟೂ ಬೇಡ. ಅಕ್ರಿಲಿಕ್ ಅಂದರೆ ಒಂದು ಥರದ ಪ್ಲಾಸ್ಟಿಕ್ಕೇ, ಬೆಂಕಿ ತಾಗಿದರೆ ಸುಡುತ್ತದೆ.

ಬಟ್ಟೆಗೆ ಮಾದರಪಾಟ ಇಲ್ಲವೇ ಖಾದಿ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಣ್ಣವನ್ನು ಒಳಗೆ ಬಿಡುವುದಿಲ್ಲ. ಒಮ್ಮೆ ಒಗೆದು, ಇಸ್ತ್ರಿ ಮಾಡಿ ಶುರು ಮಾಡಿ. ಪಾಲಿಯೆಸ್ಟರ್ ಜಾಸ್ತಿ ಇರುವ ಬಟ್ಟೆಯನ್ನು ಇದಕ್ಕೆ ಬಳಸಬೇಡಿ.

ಕುಬಸಕ್ಕೆ ನೇಯುವ ಗುಳೇದಗುಡ್ಡದ ಖಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಖಣದ ಮೇಲೆ ಅಚ್ಚು ಒತ್ತುವವರನ್ನು ನೋಡಿದ್ದೇನೆ. ನನಗೆ ಅದು ಹಿಡಿಸುವುದಿಲ್ಲ. ನೇಯ್ಗೆಯಲ್ಲೇ ಅಷ್ಟು ಚಿತ್ತಾರ ಇರುವಾಗ ಮೇಲೆ ಇನ್ನೊಂದು ಯಾಕೆ? ಖಣದ ಚೂರನ್ನು ಬೇರೆ ಪದರವಾಗಿ ಅಂಟಿಸಿ, ಸುತ್ತಲಿನ ಖಾಲಿ ಜಾಗದಲ್ಲಿ ಅಚ್ಚು ಒತ್ತಿ. ಹಳೆಯ ಇಳಕಲ್ ಸೀರೆಯ ದಡಿಯೂ ಹಾಗೇ. ಕತ್ತರಿಸುವ ಗೆರೆಯ ಮೇಲೆ ಮೊದಲು ತೆಳುವಾಗಿ ಫೆವಿಕಾಲ್ ಹಚ್ಚಿ, ಒಣಗಿದ ಮೇಲೆ ಕತ್ತರಿಸಿ. ಎಳೆ ಬಿಚ್ಚಿಕೊಳ್ಳುವುದಿಲ್ಲ.

ಗಾಜಿನ ಬಾಟಲಿ ಸದ್ಯಕ್ಕೆ ಬಿಡಿ. ಅಕ್ರಿಲಿಕ್ ಹಚ್ಚಿದರೆ ಉಗುರು ತಾಗಿದರೂ ಏಳುತ್ತದೆ.

ಬಣ್ಣ

ಅಕ್ರಿಲಿಕ್, ಪೋಸ್ಟರ್ ಕಲರ್, ವಾಟರ್ ಕಲರ್ ಮೂರನ್ನೂ ಒಂದೇ ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟಿರುತ್ತಾರೆ. ಕೆಲಸಕ್ಕೆ ಮೂರೂ ಬೇರೆ. ಪದರದ ಮೇಲೆ ಪದರ ಹಚ್ಚುವುದೇ ಮಿಕ್ಸೆಡ್ ಮೀಡಿಯಾ ಅಲ್ವಾ? ಹಾಗಿದ್ದರೆ ಕೆಳಗಿನ ಪದರ ಮೇಲಿನ ನೀರಿಗೆ ಕರಗಬಾರದು. ಪೋಸ್ಟರ್ ಕಲರ್ ಮತ್ತು ವಾಟರ್ ಕಲರ್ ಒಣಗಿದ ಮೇಲೂ ನೀರು ಬಿದ್ದರೆ ಮತ್ತೆ ಕರಗುತ್ತವೆ. ಅಕ್ರಿಲಿಕ್ ಹಾಗಲ್ಲ. ಅದರಲ್ಲಿನ ನೀರು ಆರಿಹೋದ ಮೇಲೆ ಉಳಿದದ್ದು ಒಂದಕ್ಕೊಂದು ಅಂಟಿ ಪೊರೆ ಆಗುತ್ತದೆ. ಆಮೇಲೆ ನೀರು ತಾಗಿದರೂ ಕರಗುವುದಿಲ್ಲ. ಹೀಗಾಗಿ ಒಂದೇ ಬಣ್ಣ ಕೊಳ್ಳಲು ದುಡ್ಡಿದ್ದರೆ ಅಕ್ರಿಲಿಕ್ ಕೊಳ್ಳಿ. ಫೆವಿಕ್ರಿಲ್, ಕ್ಯಾಮೆಲ್ ಎರಡರದ್ದೂ 15 ಎಂಎಲ್ ಚಿಕ್ಕ ಬಾಟಲಿ ಸಣ್ಣ ಊರಿನ ಸ್ಟೇಷನರಿಯಲ್ಲೂ ಸಿಗುತ್ತದೆ.

ಪೋಸ್ಟರ್ ಕಲರ್ ಬೇಡವೇ ಬೇಡ ಅಂತಲ್ಲ. ಸಣ್ಣ ಮಕ್ಕಳು ಕೂತರೆ ಅದೇ ವಾಸಿ. ಅಂಗಿಗೆ ತಾಗಿದ ಅಕ್ರಿಲಿಕ್ ಒಣಗಿತೆಂದರೆ ಹೋಗುವುದಿಲ್ಲ, ಪೋಸ್ಟರ್ ಕಲರ್ ಬಹುಮಟ್ಟಿಗೆ ಹೋಗುತ್ತದೆ. ಅದನ್ನು ಕೊನೆಯ ಪದರವಾಗಿ ಬಳಸಿ, ಮೇಲೆ ಬ್ರಷ್‌ನಿಂದ ವಾರ್ನಿಶ್ ಹಚ್ಚಬೇಡಿ, ಸ್ಪ್ರೇ ಮಾಡಿ. ಬ್ರಷ್ ಆಡಿಸಿದರೆ ಬಣ್ಣ ಕಲೆಸಿಹೋಗುತ್ತದೆ.

ಬಟ್ಟೆಗೆ ಫ್ಯಾಬ್ರಿಕ್ ಬಣ್ಣವೇ ಬೇಕು. ಬರೇ ಅಕ್ರಿಲಿಕ್ ಹಚ್ಚಿದರೆ ಒಣಗಿದ ಮೇಲೆ ಬಟ್ಟೆ ಗಡಸಾಗುತ್ತದೆ, ಮಡಚಿದಲ್ಲಿ ಬಿರುಕು ಬಿಡುತ್ತದೆ. ಬಟ್ಟೆ ಮೆತ್ತಗಿರಲೆಂದು ಅಕ್ರಿಲಿಕ್‌ಗೆ ಹಾಕುವ ಫ್ಯಾಬ್ರಿಕ್ ಮೀಡಿಯಂ ಬೆರೆಸಿದರೆ ಅಡ್ಡಿಯಿಲ್ಲ. ಹಚ್ಚಿ ಒಂದು ದಿನ ಬಿಟ್ಟು ಹಿಂಬದಿಯಿಂದ ಇಸ್ತ್ರಿ ಮಾಡಿ. ಒಗೆಯಲು ಮೂರು ದಿನವಾದರೂ ಕಾಯಿರಿ.

ಮನೆಗೆ ಸುಣ್ಣ-ಬಣ್ಣ ಮಾಡಿಸಿದಾಗ ಉಳಿದ ಡಬ್ಬಿಗಳು ಮಾಳಿಗೆಯ ಮೇಲೆ ಇರುತ್ತವೆ. ಗೋಡೆಯ ಎಮಲ್ಷನ್ ಆದರೆ ಅದು ಅಕ್ರಿಲಿಕ್ ಜಾತಿಯೇ. ತಳದ ಬಿಳಿ ಪದರಕ್ಕೆ ಸುಮ್ನೆ ದುಡ್ಡು ಕೊಡಬೇಕಾಗಿಲ್ಲ, ಅದನ್ನೇ ಬಳಸಿ. ಬಾಗಿಲು-ಕಿಟಕಿಗೆ ಹಚ್ಚುವ ಆಯಿಲ್ ಪೇಂಟ್ ಆದರೆ ದೂರ ಇಡಿ. ಅದರ ಹೊಳಪಿನ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ, ಸಿಪ್ಪೆಯ ಹಾಗೆ ಸುಲಿದು ಬರುತ್ತದೆ.

ಬೇಸಿಗೆಯಲ್ಲಿ ನಮ್ಮ ಊರಿನಲ್ಲಿ ಅಕ್ರಿಲಿಕ್ ತಟ್ಟೆಯಲ್ಲೇ ಒಣಗುತ್ತದೆ. ಅದಕ್ಕೆ ಫ್ಯಾನ್ ಬಂದ್ ಮಾಡಿ ಬೆವರಬೇಕಾಗಿಲ್ಲ. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಹಾಕಿಕೊಳ್ಳಿ. ಕೆಳಗಿನ ತೇವ ಕಾಗದದಿಂದ ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತದೆ. ಬಣ್ಣ ತುಂಬಾ ಹೊತ್ತು ಹಸಿಯಾಗೇ ಇರುತ್ತದೆ. ಬೆಳಗಿನ ಹೊತ್ತು ಕೂತರೆ ಇನ್ನೂ ಒಳ್ಳೆಯದು.

ಅಚ್ಚು: ಕೊಂಡದ್ದು, ಮಾಡಿಸಿದ್ದು, ಕೈಯಾರೆ ಕೆತ್ತಿದ್ದು

ಇಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ. ಒಂದು ನಿಯಮ ನೆನಪಿಟ್ಟುಕೊಂಡರೆ ಸಾಕು. ಗೆರೆ ಸಣ್ಣಗಿದ್ದರೆ ಇಂಕೇ ಬೇಕು, ಗೆರೆ ದಪ್ಪಗಿದ್ದರೆ ಬಣ್ಣವೂ ನಡೆಯುತ್ತದೆ. ಸಣ್ಣ ಗೆರೆಯ ಅಚ್ಚಿಗೆ ಅಕ್ರಿಲಿಕ್ ಹಚ್ಚಿದರೆ ಸಂದಿಯಲ್ಲಿ ತುಂಬಿ ಚಿತ್ರವೇ ಮಾಯ ಆಗುತ್ತದೆ. ಅಲ್ಲೇ ಒಣಗಿದರೆ ಅಚ್ಚೂ ಹೋಯಿತು.

ಕ್ಲಿಯರ್ ಅಚ್ಚು ಅಂದರೆ ಪಾರದರ್ಶಕ ಪಾಲಿಮರ್ ಹಾಳೆ. ಅಕ್ರಿಲಿಕ್ ಗಟ್ಟಿಗೆ (ಬಣ್ಣವಲ್ಲ, ಗಾಜಿನಂಥ ಪ್ಲಾಸ್ಟಿಕ್ ತುಂಡು) ಅಂಟಿಸಿ ಒತ್ತಬೇಕು. ಇದರ ದೊಡ್ಡ ಲಾಭ ಎಂದರೆ ಕೆಳಗೆ ಎಲ್ಲಿ ಬೀಳುತ್ತದೆ ಅಂತ ಕಾಣುತ್ತದೆ. ಅಂಚಿನಲ್ಲಿ ಒಂದೇ ಸಾಲಿಗೆ ಹೂವು ಒತ್ತಬೇಕಾದರೆ ಇದಕ್ಕಿಂತ ಸುಲಭವಾದದ್ದು ಇಲ್ಲ. ಆದರೆ ಬಿಸಿಲಿಗೆ ಹಳದಿಯಾಗುತ್ತದೆ, ಬಿಗಿಯಾಗುತ್ತದೆ. ಕಿಟಕಿಯ ಹತ್ತಿರ ಇಡಬೇಡಿ. ಅಗ್ಗದವು ಕೆಲವು ಇಂಕನ್ನು ಹಿಡಿಯುವುದಿಲ್ಲ, ಹನಿ ಹನಿಯಾಗಿ ನಿಲ್ಲುತ್ತದೆ. ಪೆನ್ಸಿಲ್ ರಬ್ಬರಿನಿಂದ ಮೇಲ್ಮೈಯನ್ನು ಮೆಲ್ಲಗೆ ಉಜ್ಜಿದರೆ ಸರಿಹೋಗುತ್ತದೆ.

ಕಟ್ಟಿಗೆಗೆ ಅಂಟಿಸಿದ ರಬ್ಬರ್ ಅಚ್ಚು ಬಾಳಿಕೆ ಬರುತ್ತದೆ, ಸಣ್ಣ ಗೆರೆಯೂ ಚೊಕ್ಕಟವಾಗಿ ಮೂಡುತ್ತದೆ. ಆದರೆ ಎಲ್ಲಿ ಬೀಳುತ್ತದೆ ಅಂತ ಕಾಣುವುದಿಲ್ಲ, ಬೆಲೆಯೂ ಹೆಚ್ಚು.

ಇದಕ್ಕೆ ನಮ್ಮಲ್ಲೇ ಒಂದು ದಾರಿ ಇದೆ. ಆಫೀಸಿನ ಶಿಕ್ಕಾ ಮಾಡಿಕೊಡುವ ಅಂಗಡಿ ಪ್ರತಿ ತಾಲೂಕು ಊರಲ್ಲೂ ಇದೆ. ಕೋರ್ಟು, ತಹಸೀಲ್ದಾರ್ ಕಚೇರಿಯ ಆಸುಪಾಸಿನಲ್ಲಿ ಹುಡುಕಿ. ಕಪ್ಪು ಪೆನ್ನಿನಲ್ಲಿ ನೀವೇ ಬರೆದ ಚಿತ್ರ ಕೊಟ್ಟರೆ ಅಚ್ಚು ಮಾಡಿಕೊಡುತ್ತಾರೆ. ಕೇಳುವಾಗ ಒಂದು ಎಚ್ಚರ: ಇಂಕು ಒಳಗೇ ಇರುವ ಫ್ಲ್ಯಾಷ್ ಸ್ಟ್ಯಾಂಪ್ ಬೇಡ ಅನ್ನಿ. ಅದಕ್ಕೆ ಬೇರೆ ಬಣ್ಣ ಹಚ್ಚಲು ಆಗುವುದಿಲ್ಲ. ‘ಬರೇ ರಬ್ಬರ್, ಕಟ್ಟಿಗೆ ಹಿಡಿ’ ಅಂತ ಬಿಡಿಸಿ ಹೇಳಿ. ಮಗುವಿನ ಕೈಬರಹದಲ್ಲಿ ಹೆಸರು, ಅಜ್ಜಿ ಹಾಕುತ್ತಿದ್ದ ರಂಗೋಲಿಯ ಎಳೆ, ಇಂಥದ್ದೆಲ್ಲ ಯಾವ ಆನ್‌ಲೈನ್ ಅಂಗಡಿಯಲ್ಲೂ ಸಿಗುವುದಿಲ್ಲ.

ಕಟ್ಟಿಗೆಯ ಅಚ್ಚು ಬಟ್ಟೆಗೆ. ಗುಜರಾತಿನ ಪೇಥಾಪುರದಂಥ ಊರುಗಳಲ್ಲಿ ಸಾಗವಾನಿಯಲ್ಲಿ ಕೆತ್ತುತ್ತಾರೆ. ಒಳ್ಳೆಯ ಅಚ್ಚನ್ನು ಬಳಸುವ ಮೊದಲು ದಿನಗಟ್ಟಲೆ ಎಣ್ಣೆಯಲ್ಲಿ ನೆನೆಸಿ ಕಟ್ಟಿಗೆಯನ್ನು ಮೆದು ಮಾಡಿರುತ್ತಾರೆ. ಇದರಲ್ಲಿ ಒಳ್ಳೆಯ ಗುರುತು ಮೂಡಬೇಕಾದರೆ ಕೆಳಗೆ ಮೆತ್ತೆ ಬೇಕು. ಗಟ್ಟಿ ಟೇಬಲ್ ಮೇಲೆ ಒತ್ತಿದರೆ ಅರ್ಧ ಮೂಡುತ್ತದೆ, ಅರ್ಧ ಬಿಟ್ಟುಹೋಗುತ್ತದೆ. ಕಂಬಳಿಯನ್ನು ಎರಡು ಮಡಿಕೆ ಹಾಕಿ, ಮೇಲೆ ಹಳೆ ಚಾದರ ಹಾಸಿ, ಅದರ ಮೇಲೆ ಬಟ್ಟೆ ಇಡಿ. ರಟ್ಟು, ಹಲಗೆಗೆ ಕಟ್ಟಿಗೆ ಅಚ್ಚು ಅಷ್ಟು ಸರಿಹೋಗುವುದಿಲ್ಲ. ಎರಡೂ ಗಟ್ಟಿ, ನಡುವೆ ಬಗ್ಗುವಂಥದ್ದು ಏನೂ ಇರುವುದಿಲ್ಲ.

ಕೈಯಾರೆ ಮಾಡಿದ ಅಚ್ಚುಗಳೇ ನನಗೆ ಹೆಚ್ಚು ಇಷ್ಟ. ಬೆಂಡೆಕಾಯಿ ಅಡ್ಡ ಕತ್ತರಿಸಿದರೆ ನಕ್ಷತ್ರ. ಉಳ್ಳಾಗಡ್ಡಿಯಲ್ಲಿ ಸುತ್ತಿನೊಳಗೆ ಸುತ್ತು. ಬಟಾಟೆಯನ್ನು ಬೇಕಾದ ಆಕಾರಕ್ಕೆ ಕೆತ್ತಬಹುದು. ಮೂರನ್ನೂ ಕತ್ತರಿಸಿದ ಮೇಲೆ ಬಟ್ಟೆಯಿಂದ ಒತ್ತಿ ನೀರು ತೆಗೆಯಬೇಕು, ಇಲ್ಲವಾದರೆ ಬಣ್ಣ ನೀರಾಗಿ ಹರಡುತ್ತದೆ. ಆ ದಿನದ ಮಟ್ಟಿಗೆ ಅಷ್ಟೇ ಇವು. ಅರಳಿ ಎಲೆಯನ್ನೂ ಮರೆಯಬೇಡಿ. ನರ ಉಬ್ಬಿರುವ ಹಿಂಬದಿಗೆ ಬಣ್ಣ ಹಚ್ಚಿ, ಮೇಲೆ ಕಾಗದ ಇಟ್ಟು ಬೆರಳಿನಿಂದ ಒತ್ತಿದರೆ ಒಂದೊಂದು ನರವೂ ಮೂಡುತ್ತದೆ.

ಬಾಳಿಕೆ ಬೇಕಾದರೆ ದೊಡ್ಡ ಪೆನ್ಸಿಲ್ ರಬ್ಬರ್ ತಂದು ಕಟರ್‌ನಿಂದ ಕೆತ್ತಿ. ಶುರುವಿಗೆ ಕಸೂತಿಯ ಮುರ್ಗಿ ಗೆರೆ ತೆಗೆದುಕೊಳ್ಳಿ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ನೇರ ಗೆರೆ, ಕಟರ್‌ಗೆ ಸುಲಭ. ಗೋಪುರ, ತೇರು ಕೂಡ ನೇರ ಗೆರೆಗಳವೇ. ಕನ್ನಡ ಅಕ್ಷರ ಕೆತ್ತುವುದು ಮಾತ್ರ ತಾಳ್ಮೆಯ ಕೆಲಸ, ಎಲ್ಲ ಗುಂಡು ಗುಂಡು. ಟ್ರೇಸಿಂಗ್ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಅದನ್ನು ರಬ್ಬರ್ ಮೇಲೆ ಕವುಚಿ ಉಜ್ಜಿ. ಉಲ್ಟಾ ಅಕ್ಷರ ತಾನಾಗಿ ಬೀಳುತ್ತದೆ, ಒತ್ತಿದಾಗ ಸುಲ್ಟಾ ಆಗುತ್ತದೆ.

ಚಿತ್ರ ಎಲ್ಲಿಂದ ತರುವುದು ಅಂತ ಕೇಳುವವರಿದ್ದಾರೆ. ವಿಜಯಪುರದಲ್ಲಿದ್ದು ಈ ಪ್ರಶ್ನೆಯೇ? 1656ರಲ್ಲಿ ಮುಗಿದ ಗೋಳಗುಮ್ಮಟದ ಗುಮ್ಮಟ ಗೋಡೆಯಿಂದ ಏಳುವ ಕಡೆ ಸುತ್ತಲೂ ಕಮಲದ ಎಸಳುಗಳಿವೆ. ಒಂದೇ ಒಂದು ಎಸಳು ಕೆತ್ತಿಕೊಳ್ಳಿ. ಅದನ್ನೇ ಪಕ್ಕ ಪಕ್ಕ ಒತ್ತುತ್ತಾ ಹೋದರೆ ಅಂಚು ತಯಾರು. ಇಬ್ರಾಹಿಂ ರೋಜಾದ ಕಲ್ಲಿನ ಕಿಟಕಿಗಳು ಕಲಿತವರಿಗೆ. ಸಣ್ಣ ಕೆಲಸ, ಕೈ ಪಳಗಿರಬೇಕು. ಬಾದಾಮಿ ಕಡೆ ಹೋದರೆ ಆ ಕೆಂಪು ಕಲ್ಲಿನ ಬಣ್ಣ ಗಮನಿಸಿ. ಕೆಂಪು ಮಣ್ಣಿನ ಬಣ್ಣಕ್ಕೆ ಹಳದಿ, ಸ್ವಲ್ಪ ಬಿಳಿ ಬೆರೆಸಿದರೆ ಹತ್ತಿರ ಬರುತ್ತದೆ.

ಇನ್ನು ಒತ್ತುವ ರೀತಿ. ಅಚ್ಚನ್ನು ಬಣ್ಣದಲ್ಲಿ ಅದ್ದಬೇಡಿ. ಸ್ಪಂಜಿನ ತುಂಡಿಗೆ ಬಣ್ಣ ತೆಗೆದುಕೊಂಡು ಅಚ್ಚಿನ ಮೇಲೆ ತಟ್ಟಿ. ನೀರು ಬೆರೆಸಬೇಡಿ. ಮೊದಲ ಗುರುತು ಯಾವಾಗಲೂ ರದ್ದಿ ಕಾಗದದ ಮೇಲೆ. ಮೂರ್ನಾಲ್ಕು ಸಲ ಒತ್ತಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಪಕ್ಕದಲ್ಲಿ ಒಂದು ತಟ್ಟೆ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಇರಲಿ. ಮೇ ತಿಂಗಳಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಅಚ್ಚಿನ ಮೇಲೆ ಬಣ್ಣ ಗಟ್ಟಿಯಾಗಿರುತ್ತದೆ.

ಇಂಕಿನ ವಿಷಯ

ಮನೆಯಲ್ಲಿರುವ ಆಫೀಸಿನ ಸ್ಟ್ಯಾಂಪ್ ಪ್ಯಾಡ್ ನಡೆಯುತ್ತದೆಯೇ? ಕೊನೆಯ ಪದರಕ್ಕೆ, ಅದೂ ಕಾಗದದ ಮೇಲೆ, ನಡೆಯುತ್ತದೆ. ಅದರ ಮೇಲೆ ಒದ್ದೆ ಬಣ್ಣ ಹಚ್ಚಿದರೆ ನೇರಳೆ ನೀರು ಎಲ್ಲ ಕಡೆ ಹರಿಯುತ್ತದೆ. ಮೊದಲು ಅಚ್ಚು ಒತ್ತಿ ಆಮೇಲೆ ಒಳಗೆ ಬಣ್ಣ ತುಂಬುವ ಯೋಚನೆ ಇದ್ದರೆ, ನೀರಿಗೆ ಕರಗದ ಇಂಕು ಬೇಕು ಅಂತಲೇ ಕೇಳಿ ತನ್ನಿ. ಪಿಗ್ಮೆಂಟ್ ಇಂಕು ಮೇಲೇ ಕೂತು ನಿಧಾನ ಒಣಗುತ್ತದೆ. ಬಣ್ಣ ಗಾಢ. ಬೆಳಗಾವಿಯ ಮಳೆಗಾಲಕ್ಕೆ ಅದನ್ನು ನಾನು ಹೇಳುವುದಿಲ್ಲ, ನಮ್ಮ ಬಿಸಿಲಿಗೆ ಚೆನ್ನಾಗಿದೆ.

ಪದರ, ಪೇಸ್ಟು, ಬಿರುಕು

ಬಣ್ಣಕ್ಕೆ ಮೊದಲು ತಳಕ್ಕೆ ಹಚ್ಚುವ ಬಿಳಿ ಪದರ, ಅಂದರೆ ಜೆಸ್ಸೊ, ಅಂಗಡಿಯದು ಕೊಳ್ಳಬೇಕೋ, ಮನೆಯಲ್ಲಿ ಮಾಡಬೇಕೋ? ರಟ್ಟು, ಬಾಟಲಿ ಮುಚ್ಚಳ, ಮಕ್ಕಳ ಕೆಲಸಕ್ಕೆ ಮನೆಯದೇ ಸಾಕು. ಚಾಕ್ ಪೌಡರ್ ಎರಡು ಪಾಲು, ಫೆವಿಕಾಲ್ ಒಂದು ಪಾಲು, ಬಿಳಿ ಬಣ್ಣ ಒಂದು ಪಾಲು. ಚಾಕ್ ಪೌಡರನ್ನು ಜರಡಿ ಹಿಡಿದು, ನೀರು ಸ್ವಲ್ಪ ಸ್ವಲ್ಪವೇ ಹಾಕಿ ಕಲೆಸಿ. ಮಾರುವ ವಸ್ತು, ಕ್ಯಾನ್ವಾಸ್, ಬಹಳ ವರ್ಷ ಉಳಿಯಬೇಕಾದ ಕೆಲಸ ಆದರೆ ಅಂಗಡಿಯದ್ದು ತನ್ನಿ. ಮನೆಯದು ಬಗ್ಗಿಸಿದರೆ ಬಿರುಕು ಬಿಡುತ್ತದೆ.

ಇದನ್ನೇ ಇನ್ನೂ ಗಟ್ಟಿಯಾಗಿ ಕಲೆಸಿದರೆ ಉಬ್ಬು ಚಿತ್ರದ ಪೇಸ್ಟ್. ಅದಕ್ಕೆ ದುಬಾರಿ ಸ್ಟೆನ್ಸಿಲ್ ಬೇಕಾಗಿಲ್ಲ. ಸಂತೆಯಲ್ಲಿ ಸಿಗುವ ತೂತು ತೂತಿನ ರಂಗೋಲಿ ತಟ್ಟೆ ಇಟ್ಟು, ಮೇಲೆ ಪೇಸ್ಟ್ ಎಳೆದು, ನೇರವಾಗಿ ಮೇಲೆತ್ತಿ. ತಟ್ಟೆಯನ್ನು ತಕ್ಷಣ ತೊಳೆಯಿರಿ.

ಹಳೆಯ ಗೋಡೆಯಂಥ ಬಿರುಕು ಬೇಕಾದರೆ ಗಾಢ ಬಣ್ಣ ಹಚ್ಚಿ ಒಣಗಿಸಿ, ಮೇಲೆ ಫೆವಿಕಾಲ್ ದಪ್ಪಗೆ ಹಚ್ಚಿ. ಅದು ಅಂಟಂಟಾಗಿರುವಾಗಲೇ ತಿಳಿ ಬಣ್ಣ ಒಂದೇ ದಿಕ್ಕಿಗೆ ಎಳೆಯಿರಿ. ಒಣಗುತ್ತಾ ಬಿರುಕು ಬಿಡುತ್ತದೆ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಅಂಟು ಬೇಗ ಆರುವುದರಿಂದ ಅಂಗೈಯಗಲ ಜಾಗ ಮಾತ್ರ ಒಮ್ಮೆಗೆ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಹೇರ್ ಡ್ರೈಯರ್ ಹಿಡಿಯಬೇಕಾಗುತ್ತದೆ.

ಹಳೆಯ ಪತ್ರಿಕೆ, ಪಂಚಾಂಗದ ಹಾಳೆ ಅಂಟಿಸುವುದಾದರೆ ಮೂಲ ಹಾಳೆಗಿಂತ ಝೆರಾಕ್ಸ್ ವಾಸಿ. ಪತ್ರಿಕೆಯ ಕಾಗದ ಹಳದಿಯಾಗುತ್ತದೆ. ಝೆರಾಕ್ಸ್ ಮಸಿ ನೀರಿಗೆ ಹರಡುವುದಿಲ್ಲ, ಮನೆಯ ಇಂಕ್‌ಜೆಟ್ ಪ್ರಿಂಟ್ ಹರಡುತ್ತದೆ. ಅಂಟಿಗೆ ಫೆವಿಕಾಲ್‌ನಲ್ಲಿ ಅಷ್ಟೇ ನೀರು ಬೆರೆಸಿದರೆ ಸಾಕು. ಕೊನೆಯ ಹೊಳಪಿಗೂ ಅದನ್ನೇ ಹಚ್ಚುವವರಿದ್ದಾರೆ. ಬೇಡ. ತೇವಕ್ಕೆ ಮೆದುವಾಗಿ ಅಂಟಂಟಾಗುತ್ತದೆ, ಧೂಳು ಹಿಡಿಯುತ್ತದೆ. ನೀರಿನಲ್ಲಿ ಬೆರೆಯುವ ವಾರ್ನಿಶ್ ಒಂದು ಚಿಕ್ಕ ಡಬ್ಬಿ ತನ್ನಿ. ಸ್ಪ್ರೇ ಆದರೆ ಮಾಳಿಗೆಯ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಮಳೆಯ ದಿನ ಸ್ಪ್ರೇ ಹೊಡೆದರೆ ಬಿಳಿ ಮಂಜು ಕಟ್ಟಿದಂತಾಗುತ್ತದೆ.

ಸಂಕ್ರಾಂತಿಯ ಡಬ್ಬಿ

ಮೊದಲ ಕೆಲಸ ಯಾವುದು ಅಂದರೆ ನಾನು ಹೇಳುವುದು ಕುಸುರೆಳ್ಳು ಕೊಡುವ ಡಬ್ಬಿ. ಜನವರಿಯಲ್ಲಿ ಹವೆ ಒಣಗಿರುತ್ತದೆ, ಬಿಸಿಲೂ ಹದ. ಸಿದ್ಧೇಶ್ವರ ಜಾತ್ರೆಗೆ ಮನೆಗೆ ಬರುವವರಿಗೆ ಕೊಡಲು ಆಗುತ್ತದೆ. ಸಣ್ಣ ರಟ್ಟಿನ ಡಬ್ಬಿಗೆ ಹೊರಗೆ ಎಮಲ್ಷನ್, ಮೇಲೆ ಕೆಂಪು ಅಕ್ರಿಲಿಕ್. ಮುಚ್ಚಳದ ನಡುವೆ ಅಂಗೈಯಷ್ಟು ಖಣದ ಚೂರು. ಸುತ್ತಲೂ ರಬ್ಬರಿನಲ್ಲಿ ಕೆತ್ತಿದ ಎಸಳಿನ ಸಾಲು, ಬಿಳಿ ಬಣ್ಣದಲ್ಲಿ. ಇಳಕಲ್ ಸೆರಗಿನಲ್ಲೂ ಕೆಂಪಿನ ಮೇಲೆ ಬಿಳಿ ತೆನೆಯೇ ಅಲ್ವಾ, ಆ ಜೋಡಿ ನಮ್ಮ ಕಣ್ಣಿಗೆ ಪರಿಚಯದ್ದು. ಕುಸುರೆಳ್ಳನ್ನು ಬಟರ್ ಪೇಪರಿನಲ್ಲಿ ಸುತ್ತಿ ಒಳಗಿಡಿ, ಬಣ್ಣಕ್ಕೆ ತಾಗಬಾರದು. ಇದಕ್ಕೆ ಕ್ಲಿಯರ್ ಅಚ್ಚೂ ಬೇಡ, ಇಂಕೂ ಬೇಡ.

ಎರಡನೇ ಕೆಲಸಕ್ಕೆ ಮಾದರಪಾಟದ ಕೈಚೀಲ, ಕಟ್ಟಿಗೆ ಅಚ್ಚು, ಫ್ಯಾಬ್ರಿಕ್ ಬಣ್ಣ. ಗೋಡೆಯ ಫಲಕ ಅದಾದ ಮೇಲೆ.

ಎಲ್ಲಿ ಕೊಳ್ಳುವುದು

ಬಣ್ಣ, ಫೆವಿಕಾಲ್, ಬ್ರಷ್, ರಬ್ಬರ್ ಊರಲ್ಲೇ ಕೊಳ್ಳಿ. ಬಾಟಲಿ ಅಲ್ಲಾಡಿಸಿ ನೋಡಿ, ಒಳಗೆ ಗಟ್ಟಿಯಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬಿಸಿಲು ಬೀಳುವ ಶೋಕೇಸಿನಲ್ಲಿ ಇಟ್ಟದ್ದು ಬೇಡ ಅನ್ನಿ. ಹನ್ನೆರಡು ಬಣ್ಣದ ಸೆಟ್ ಬೇಕಾಗಿಲ್ಲ. ಬಿಳಿ ದೊಡ್ಡದು, ಕೆಂಪು, ಹಳದಿ, ನೀಲಿ, ಕಪ್ಪು, ಬಂಗಾರದ ಬಣ್ಣ ಚಿಕ್ಕವು. ಖಣದ ಚೂರಿಗೆ ಕುಬಸ ಹೊಲಿಯುವ ಟೇಲರ್ ಅಕ್ಕನನ್ನು ಕೇಳಿ, ಚೀಲ ತುಂಬ ಕೊಡುತ್ತಾರೆ. ಕ್ಲಿಯರ್ ಅಚ್ಚು, ನೀರಿಗೆ ಕರಗದ ಇಂಕು ಆನ್‌ಲೈನ್‌ನಲ್ಲೇ ತರಿಸಬೇಕಾಗಬಹುದು. ಆಗ ಫೋಟೊ ನೋಡಿ ನಂಬಬೇಡಿ, ಸೆಂಟಿಮೀಟರ್ ಲೆಕ್ಕ ಓದಿ. ಅದನ್ನು ಸ್ಕೇಲಿನಿಂದ ನಿಮ್ಮ ಡಬ್ಬಿಯ ಮುಚ್ಚಳದ ಮೇಲೆ ಅಳೆದು ನೋಡಿದ ಮೇಲೆಯೇ ಆರ್ಡರ್ ಹಾಕಿ.